ಫೋರ್ಕ್‌ಲಿಫ್ಟ್ ಚಕ್ರ ಪಾದದ ಮೇಲೆ ಹತ್ತಿದೆ, ಎಕ್ಸ್‌ರೇಯಲ್ಲಿ ಏನೂ ಇಲ್ಲ. ಮುಂದೇನು?

ಕೇಳಿದವರು: ನನ್ನ ತಮ್ಮ ಗೋದಾಮಿನಲ್ಲಿ ಕೆಲಸ ಮಾಡುತ್ತಾನೆ. ನಿನ್ನೆ ಸಂಜೆ ಫೋರ್ಕ್‌ಲಿಫ್ಟ್ ರಿವರ್ಸ್ ಬರುವಾಗ ಚಕ್ರ ಅವನ ಪಾದದ ಮೇಲೆ ಹತ್ತಿ ಇಳಿಯಿತು. ಮೂಳೆ ಮುರಿದಿಲ್ಲ ಅಂತ ಮನೆಗೆ ಕಳಿಸಿದರು. ಆದರೆ ರಾತ್ರಿಯಿಂದ ನೋವು ಏರುತ್ತಲೇ ಇದೆ. ಸೂಪರ್‌ವೈಸರ್ ನಾಳೆ ಕೆಲಸಕ್ಕೆ ಬಾ ಅನ್ನುತ್ತಿದ್ದಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ತುರ್ತು ವಿಭಾಗದ ನರ್ಸ್: ಕಾಯಬೇಡಿ, ಈಗಲೇ ಮತ್ತೆ ಆಸ್ಪತ್ರೆಗೆ ಹೋಗಿ. ಎಕ್ಸ್‌ರೇ ಮೂಳೆ ಹೇಗಿದೆ ಅಂತ ಹೇಳುತ್ತದೆ, ಮಾಂಸಖಂಡದ ಸ್ಥಿತಿ ಅದರಲ್ಲಿ ಗೊತ್ತಾಗುವುದಿಲ್ಲ. ಜಜ್ಜಿದ ಸ್ನಾಯು ಒಳಗೇ ಊದುತ್ತದೆ, ಅದನ್ನು ಸುತ್ತಿರುವ ಪೊರೆ ಮಾತ್ರ ಹಿಗ್ಗುವುದಿಲ್ಲ. ಒತ್ತಡ ಏರಿ ರಕ್ತ ಓಡುವುದೇ ಕಡಿಮೆಯಾಗುತ್ತದೆ. ಇದಕ್ಕೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅನ್ನುತ್ತಾರೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯಬಹುದು. ಮಾತ್ರೆಗೆ ಬಗ್ಗದ ನೋವು, ಬೆರಳನ್ನು ಬೇರೆಯವರು ಮಡಚಿದರೆ ಚೀರುವಷ್ಟು ನೋವು, ಜುಮ್ಮೆನ್ನುವುದು, ಮರಗಟ್ಟುವುದು ಇದರ ಸುಳಿವುಗಳು. ನಾಡಿ ಸಿಗುತ್ತಿದೆ, ಪಾದ ಬೆಚ್ಚಗಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಬಿಗಿ ಬ್ಯಾಂಡೇಜ್ ಇದ್ದರೆ ಸಡಿಲಿಸಿ. ಕಾಲನ್ನು ಎದೆಯ ಮಟ್ಟದಲ್ಲೇ ಇಡಿ, ಅದಕ್ಕಿಂತ ಮೇಲೆತ್ತಬೇಡಿ. ಆಪರೇಷನ್ ಬೇಕಾಗಬಹುದು, ಹಾಗಾಗಿ ಡಾಕ್ಟರ್ ನೋಡುವವರೆಗೆ ಊಟ ಕೊಡಬೇಡಿ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಹೇಳಿ, ಕಿಡ್ನಿಗೆ ಪೆಟ್ಟಾಗುವ ಲಕ್ಷಣ ಅದು.

ಹೈಡ್ರಾಲಿಕ್ ಮೆಕ್ಯಾನಿಕ್: ನರ್ಸ್ ಹೇಳಿದ್ದು ಸರಿ. ಹೊರಗೆ ಚಿಕ್ಕದಾಗಿ ಕಾಣುವ ಗಾಯಕ್ಕೇ ನಾವು ಹೆಚ್ಚು ಹೆದರಬೇಕು. ಯಂತ್ರದ ಎಣ್ಣೆ ಹೋಸ್‌ನ (ಕೊಳವೆಯ) ಸಣ್ಣ ತೂತಿನಿಂದ ಭಾರೀ ಒತ್ತಡದಲ್ಲಿ ಚಿಮ್ಮಿದ ಎಣ್ಣೆ ನಮ್ಮ ಜೊತೆಗಾರನ ಬೆರಳೊಳಗೆ ನುಗ್ಗಿತ್ತು. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು. ಅವತ್ತೇ ಆಪರೇಷನ್ ಮಾಡಿ ಒಳಗಿನ ಎಣ್ಣೆ ತೊಳೆದರು, ಅದಕ್ಕೇ ಬೆರಳು ಉಳಿಯಿತು. ಸೋರಿಕೆ ಹುಡುಕಲು ಕೈ ಆಡಿಸಲೇಬೇಡಿ, ದೂರದಿಂದ ರಟ್ಟಿನ ತುಂಡು ಹಿಡಿದು ನೋಡಿ.

ಫೋರ್ಕ್‌ಲಿಫ್ಟ್ ಆಪರೇಟರ್: ಈ ಗಾಡಿ ಹಿಂದಿನ ಚಕ್ರಗಳಿಂದ ತಿರುಗುತ್ತದೆ. ಅದಕ್ಕೇ ತಿರುವಿನಲ್ಲಿ ಹಿಂಭಾಗ ಅಗಲಕ್ಕೆ ಬೀಸುತ್ತದೆ, ಪಕ್ಕದಲ್ಲಿ ನಿಂತವರ ಕಾಲು ಸಿಕ್ಕಿಕೊಳ್ಳುತ್ತದೆ. ಆಪರೇಟರ್ ನಿಮ್ಮನ್ನು ನೋಡಿ ಕೈ ಸನ್ನೆ ಮಾಡುವವರೆಗೆ ಹತ್ತಿರ ಹೋಗಲೇಬಾರದು. ನಡೆಯುವ ದಾರಿ ಮತ್ತು ಗಾಡಿಯ ದಾರಿ ಬೇರೆ ಇರಬೇಕು, ಅಷ್ಟು ವ್ಯವಸ್ಥೆ ಮಾಡುವುದು ಮಾಲೀಕರ ಹೊಣೆ ಅಲ್ವಾ?

ನಾಳೆಯ ಡ್ಯೂಟಿ ಬಗ್ಗೆ ಹೇಳುವುದಾದರೆ, ಡಾಕ್ಟರ್ ಬರೆದುಕೊಡದೆ ಕಳಿಸಬೇಡಿ. ನಿಮ್ಮ ತಮ್ಮ ಆಸ್ಪತ್ರೆಗೆ ಸೇರಿದ ಮೇಲೆ ಘಟನೆಯನ್ನು ಮಾಲೀಕರಿಗೆ ಲಿಖಿತವಾಗಿ ಕೊಡಿ: ಸಮಯ, ಗಾಡಿಯ ನಂಬರ್, ನೋಡಿದವರ ಹೆಸರು. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಜಜ್ಜಿದ ಬೂಟನ್ನೂ ಎಸೆಯಬೇಡಿ.