ಸಹಾಯ ಬೇಕು: ಸಂರಕ್ಷಣಾ ಈಸ್‌ಮೆಂಟ್ ಪತ್ರದಲ್ಲಿ ಮರ ಕಡಿಯುವ ಹಕ್ಕನ್ನು ಹೇಗೆ ಬರೆಸಬೇಕು?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮಿಶಿಗನ್ ರಾಜ್ಯದಲ್ಲಿರುವ ನಮ್ಮ 60 ಎಕರೆ ಖಾಸಗಿ ಕಾಡು ಮುಂದೆ ಯಾರ ಕೈಗೆ ಹೋದರೂ ತುಂಡುತುಂಡಾಗಿ ಸೈಟುಗಳಾಗಬಾರದೆಂಬ ಆಸೆಯಿಂದ, ಅದರ ಮೇಲೆ ಸಂರಕ್ಷಣಾ ಈಸ್‌ಮೆಂಟ್ (ಜಮೀನಿನ ಬಳಕೆಗೆ ಮಿತಿ ಹಾಕುವ ಕಾನೂನುಬದ್ಧ ಕರಾರು) ಬರೆದುಕೊಡಲು ಒಂದು ಲ್ಯಾಂಡ್ ಟ್ರಸ್ಟಿನೊಡನೆ, ಅಂದರೆ ಭೂಮಿ ಸಂರಕ್ಷಿಸುವ ಸಂಸ್ಥೆಯೊಡನೆ, ಮಾತುಕತೆ ನಡೆಸುತ್ತಿದ್ದೇವೆ. ಒಡೆತನವೂ ಮಾರುವ ಹಕ್ಕೂ ನಮ್ಮಲ್ಲೇ ಉಳಿಯುತ್ತವೆ. ಆದರೆ ಫೆಡರಲ್ ತೆರಿಗೆ ಸಂಹಿತೆಯ 170(ಎಚ್) ಕಲಮಿನ ವಿನಾಯಿತಿ ಬೇಕಿದ್ದರೆ ನಿರ್ಬಂಧ ಶಾಶ್ವತವಾಗಿರಬೇಕು ಎಂಬುದು ನಮಗೆ ಅರ್ಥವಾಗಿದೆ.

ಕಾಡಿನ ಈಗಿನ ಸ್ಥಿತಿಯ ದಾಖಲೆ, ನಕ್ಷೆ, ಫೋಟೊಗಳು ಸಿದ್ಧವಾಗಿವೆ. ತನ್ನ ಅಡಮಾನದ ಹಕ್ಕನ್ನು ಈಸ್‌ಮೆಂಟಿನ ಕೆಳಗಿಡಲು, ಅಂದರೆ ಜಮೀನು ಸಾಲಕ್ಕೆ ಜಪ್ತಿಯಾದರೂ ನಿರ್ಬಂಧ ಉಳಿಯುವಂತೆ ಮಾಡಲು, ಬ್ಯಾಂಕ್ ಕೂಡ ಒಪ್ಪಿದೆ.

ತೊಡಕಿರುವುದು ಮರಗಳ ವಿಷಯದಲ್ಲಿ. ನಮ್ಮ ಆಶ್ ಮರಗಳಿಗೆ ಎಮರಾಲ್ಡ್ ಆಶ್ ಬೋರರ್ ಎಂಬ ಮರ ಕೊರೆಯುವ ಕೀಟ ಹತ್ತಿದೆ. ತೊಗಟೆಯ ಮೇಲೆ ‘ಡಿ’ ಅಕ್ಷರದ ಆಕಾರದ, ಸುಮಾರು 3 ಮಿಲಿಮೀಟರ್ ಅಗಲದ ತೂತುಗಳು. ತೊಗಟೆ ಸುಲಿದರೆ ಹುಳು ಕೊರೆದ ಅಂಕುಡೊಂಕಾದ ಜಾಡುಗಳು. ನೋಡಿದಾಗಲೆಲ್ಲ ಕರುಳು ಹಿಂಡಿದಂತಾಗುತ್ತದೆ. ಇಂಥ ಮರಗಳನ್ನು ಬೇಗ ತೆಗೆಯಬೇಕಾಗಬಹುದು, ಆದರೆ ಟ್ರಸ್ಟಿನ ಕರಡಿನಲ್ಲಿ ಪ್ರತಿ ಸಲವೂ ಮುಂಚಿತವಾಗಿ ಲಿಖಿತ ಒಪ್ಪಿಗೆ ಪಡೆಯಬೇಕೆಂದಿದೆ. ಕಡಿಯುವ ಹಕ್ಕುಗಳನ್ನೆಲ್ಲ ಪತ್ರದಲ್ಲೇ ವಿವರವಾಗಿ ಬರೆಸಿ ಎನ್ನುತ್ತಾರೆ ನಮ್ಮ ವಕೀಲರು. ಅರಣ್ಯ ತಜ್ಞರಾದರೋ, ಇಂದಿನ ವಿವರ ಐವತ್ತು ವರ್ಷದ ನಂತರದ ಕಾಡಿಗೆ ಹೊಂದದು, ಆದ್ದರಿಂದ ಕಾಲಕಾಲಕ್ಕೆ ಪರಿಷ್ಕರಿಸಬಹುದಾದ ನಿರ್ವಹಣಾ ಯೋಜನೆಯನ್ನು ಉಲ್ಲೇಖಿಸಿದರೆ ಸಾಕು ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ.

ಈಸ್‌ಮೆಂಟ್ ಮಾಡಿಸಿದ ಅನುಭವವಿರುವವರಲ್ಲಿ ನನ್ನ ಪ್ರಶ್ನೆ ಇದು: ರೋಗ, ಕೀಟ ತಗುಲಿದ ಮರಗಳನ್ನು ತೆಗೆಯುವ ಹಕ್ಕನ್ನು ನೀವು ಪತ್ರದಲ್ಲೇ ಕಾಯ್ದಿರಿಸಿಕೊಂಡಿರೋ, ನಿರ್ವಹಣಾ ಯೋಜನೆಗೆ ಬಿಟ್ಟಿರೋ, ಮತ್ತು ಟ್ರಸ್ಟ್ ಉತ್ತರಿಸಲು ಗಡುವನ್ನೇನಾದರೂ ಬರೆಸಿದಿರೋ?