ವಾಟರ್ಲೂ ಆಟ: ಗ್ರೂಶಿಗೆ ಕೊಟ್ಟ ಆದೇಶ ಸಂಜೆವರೆಗೂ ತಲುಪುತ್ತಿಲ್ಲ, ನೆಟ್ ಸಮಸ್ಯೆನಾ?

ತೋಟದಮನೆ (ವಿರಾಜಪೇಟೆ):
ಎಲ್ಲರಿಗೂ ನಮಸ್ಕಾರ. 1815ರ ವಾಟರ್ಲೂ ದಂಡಯಾತ್ರೆಯನ್ನು ಗೆಳೆಯರು ಸೇರಿ ಆನ್‌ಲೈನ್‌ನಲ್ಲಿ ಆಡುತ್ತಿದ್ದೇವೆ. ನೆಪೋಲಿಯನ್ ನಾನು. ದಂಡಿನ ಒಂದು ಭಾಗ ಕರೆದುಕೊಂಡು ದೂರ ಹೋಗಿರುವ ನನ್ನ ಸೇನಾಪತಿ ಗ್ರೂಶಿ ಗೋಣಿಕೊಪ್ಪದಲ್ಲಿ ಕೂತಿದ್ದಾನೆ, ಎದುರಾಳಿ ವೆಲಿಂಗ್ಟನ್ ಮಡಿಕೇರಿಯಲ್ಲಿ. ಜೂನ್ 18ರ ಮಧ್ಯಾಹ್ನ ಒಂದು ಗಂಟೆಗೆ ‘ಕೂಡಲೇ ನನ್ನ ಕಡೆ ಬಾ’ ಅಂತ ಆದೇಶ ಕೊಟ್ಟರೆ, ಆಟದ ಗಡಿಯಾರದಲ್ಲಿ ನಾಲ್ಕು ದಾಟಿದ ಮೇಲೆ ಅದು ಗ್ರೂಶಿಯ ಸ್ಕ್ರೀನ್‌ಗೆ ಬರುತ್ತೆ. ಅಷ್ಟರಲ್ಲಿ ವೆಲಿಂಗ್ಟನ್ ಕಡೆಯ ಪ್ರಷ್ಯನ್ನರು ನನ್ನ ಬಲಗಡೆ ಬಂದಾಗಿರುತ್ತದೆ. ಪಿಂಗ್ (ನೆಟ್‌ನಲ್ಲಿ ಸಂದೇಶ ಹೋಗಿಬರುವ ಸಮಯ) 40-50 ಮಿಲಿಸೆಕೆಂಡ್ ತೋರಿಸುತ್ತೆ. ಸಾಲದು ಅಂತ, ಜೋರು ಮಳೆ ಬಂದರೆ ಎಲ್ಲರೂ ಒಟ್ಟಿಗೆ ಆಟದಿಂದ ಹೊರಬೀಳುತ್ತೇವೆ. ಹೋಸ್ಟ್, ಅಂದರೆ ಎಲ್ಲರೂ ಆಟಕ್ಕೆ ಸೇರಿಕೊಳ್ಳುವ ಯಂತ್ರ, ನನ್ನದೇ ಲ್ಯಾಪ್‌ಟಾಪ್. ರೂಟರ್ ಬದಲಾಯಿಸಲಾ?

ಮಂಜಿನೂರು (ಮಡಿಕೇರಿ):
ಸ್ಪೀಡ್ ಜಾಸ್ತಿ ಇರುವ ಪ್ಲಾನ್ ಹಾಕಿಸಿ ನೋಡಿ. ನನಗೂ ಹೀಗೇ ಆಗುತ್ತಿತ್ತು.

ಹಳೆಫಿರಂಗಿ (ಮೈಸೂರು):
ಪ್ಲಾನಿಗೆ ದುಡ್ಡು ಸುರಿಯಬೇಡಿ. ಇಂಥ ಆಟಕ್ಕೆ ಹೋಗಿಬರುವ ಡೇಟಾ ತೀರಾ ಕಡಿಮೆ. ನೀವು ಹೇಳಿದ ಎರಡು ತೊಂದರೆಗೂ ಒಂದಕ್ಕೊಂದು ಸಂಬಂಧವೇ ಇಲ್ಲ.

ನೆಟ್‌ನಿಂದ ಆಗುವ ತಡ ಮಿಲಿಸೆಕೆಂಡ್ ಲೆಕ್ಕದ್ದು, ತೀರಾ ಕೆಟ್ಟರೆ ಒಂದೆರಡು ಸೆಕೆಂಡ್. ಆಗ ಹತ್ತಿರದ ದಂಡು, ದೂರದ ದಂಡು ಅಂತಿಲ್ಲ, ಎಲ್ಲವೂ ಗಕ್ಕನೆ ನಿಂತು ಆಮೇಲೆ ಜಿಗಿಯುತ್ತವೆ. ನಿಮ್ಮಲ್ಲಿ ತಡ ಗ್ರೂಶಿಗೆ ಮಾತ್ರ, ಅಲ್ವಾ? ನಿಮ್ಮ ಪಕ್ಕದಲ್ಲೇ ಇರುವ ಇಂಪೀರಿಯಲ್ ಗಾರ್ಡ್‌ಗೆ ಒಂದು ಆದೇಶ ಕೊಟ್ಟು ನೋಡಿ. ಅವರು ಕೂಡಲೇ ಕದಲಿದರೆ ನೆಟ್ ಸರಿಯಾಗಿದೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಆದೇಶವನ್ನು ಕುದುರೆ ಸವಾರರು ಒಯ್ಯುವ ಆಯ್ಕೆ ಆನ್ ಇದೆಯಾ ನೋಡಿ. ನನಗಂತೂ ಅದೇ ಅನ್ನಿಸುತ್ತೆ.

ಆಟ ಸುಮ್ನೆ ಸತಾಯಿಸುತ್ತಿಲ್ಲ. ವಾಟರ್ಲೂನಿಂದ ಗ್ರೂಶಿ ಇದ್ದ ಊರು ವಾವ್ರ್‌ಗೆ ನೇರ ದಾರಿ ಹಿಡಿದರೆ ಹೆಚ್ಚುಕಮ್ಮಿ ನಿಮ್ಮ ವಿರಾಜಪೇಟೆ–ಗೋಣಿಕೊಪ್ಪದಷ್ಟೇ ದೂರ. ಆದರೆ ನಡುವೆ ಪ್ರಷ್ಯನ್ನರು, ಹಿಂದಿನ ದಿನದ ಮಳೆಗೆ ರಸ್ತೆಯೆಲ್ಲ ಕೆಸರು. ಸವಾರ ಸುತ್ತು ಹಾಕಿಕೊಂಡೇ ಹೋಗಬೇಕು. ನಿಜವಾದ ಯುದ್ಧದಲ್ಲಿ ಮಧ್ಯಾಹ್ನ ಒಂದಕ್ಕೆ ನೆಪೋಲಿಯನ್ನನ ಆದೇಶಗಳನ್ನು ಬರೆದು ಕಳಿಸುತ್ತಿದ್ದ ಸೂಲ್ಟ್ ಬರೆದ ಪತ್ರ ಗ್ರೂಶಿಯ ಕೈ ಸೇರಿದ್ದು ಸಂಜೆ ಐದರ ಸುಮಾರಿಗೆ. ನಿಮ್ಮ ಸವಾರ ಅವನಿಗಿಂತ ಚುರುಕು!

ಆ ಆಯ್ಕೆ ಆಫ್ ಮಾಡಿದರೆ ಆದೇಶ ಆ ಕ್ಷಣವೇ ತಲುಪುತ್ತೆ. ನಾನಾದರೆ ಮಾಡಲ್ಲ, ಗ್ರೂಶಿಯ ಸುಮಾರು 33,000 ಜನರನ್ನು ಫೋನ್‌ನಲ್ಲಿ ಕರೆದ ಹಾಗಾಗುತ್ತೆ. ಅದರ ಬದಲು ಆದೇಶ ಮೊದಲೇ ಕಳಿಸಿ. 17ರ ರಾತ್ರಿ 10ಕ್ಕೆ ಗ್ರೂಶಿ ಜಾಂಬ್ಲೂ ಎಂಬ ಊರಿನಿಂದ ವರದಿ ಬರೆದಿದ್ದ. ಅದಕ್ಕೆ ಉತ್ತರ ಹೊರಟದ್ದು ಮರುದಿನ ಬೆಳಿಗ್ಗೆ 10ಕ್ಕೆ. ನಿಮ್ಮ ಆಟದಲ್ಲಿ ಆ ವರದಿ ಬಂದ ಕೂಡಲೇ ರಾತ್ರಿಯೇ ಉತ್ತರ ಬರೆಯಿರಿ. ಒಬ್ಬನೇ ಸವಾರನನ್ನು ನಂಬಬೇಡಿ, ಬೇರೆ ಬೇರೆ ದಾರಿಯಲ್ಲಿ ಇಬ್ಬರನ್ನು ಓಡಿಸಿ.

ತೋಟದಮನೆ:
ಸರ್, ಗಾರ್ಡ್ ಪಡೆ ಹೇಳಿದ ತಕ್ಷಣ ಹೊರಟಿತು. ಸವಾರರ ಆಯ್ಕೆ ಆನ್ ಇದೆ. ಗ್ರೂಶಿಗೆ ಇದು ಗೊತ್ತಿತ್ತಂತೆ, ಬಾಯಿ ಬಿಟ್ಟಿಲ್ಲ ಪುಣ್ಯಾತ್ಮ. ಮಳೆಯದು ಏನಿರಬಹುದು?

ಬೆಟ್ಟದತುದಿ (ಸೋಮವಾರಪೇಟೆ):
ಅಣ್ಣಾ, ಮನೆಯಲ್ಲಿ ಇನ್ವರ್ಟರ್ ಇದೆಯಾ? ಕರೆಂಟ್ ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವ ಆ ಒಂದು ಚೂರು ಹೊತ್ತಿಗೆ ಫ್ಯಾನ್ ನಿಲ್ಲಲ್ಲ, ಆದರೆ ರೂಟರ್ ಆಫ್ ಆಗಿ ಮತ್ತೆ ಆನ್ ಆಗಿರುತ್ತೆ. ಹೋಸ್ಟ್ ನೀವೇ ಆದ್ದರಿಂದ ಎಲ್ಲರ ಕನೆಕ್ಷನ್ನೂ ಹೋಗುತ್ತೆ. ಮುಂದಿನ ಸಲ ಫೈಬರ್ ಬಾಕ್ಸಿನ ದೀಪ ನೋಡಿ. ಪಿಒಎನ್ (ಫೈಬರ್ ಸಂಪರ್ಕ ತೋರಿಸುವ) ದೀಪ ಸ್ವಲ್ಪ ಹೊತ್ತು ಮಿನುಗಿ ಆಮೇಲೆ ನಿಂತು ಉರಿದರೆ ಇದೇ ಕಾರಣ. ಎಲ್‌ಒಎಸ್ (ಸಿಗ್ನಲ್ ಬರುತ್ತಿಲ್ಲ ಎನ್ನುವ ದೀಪ) ಕೆಂಪಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಕೇಬಲ್ ಮೇಲೆ ಕೊಂಬೆ ಬಿದ್ದಿರಬಹುದು, ಲೈನ್‌ನವರಿಗೇ ಹೇಳಬೇಕು.

ಮೊದಲನೆಯದಾದರೆ 12 ವೋಲ್ಟಿನ ಮಿನಿ ಯುಪಿಎಸ್ ಸಾಕು. ನಿಮ್ಮ ರೂಟರಿನ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತಿದೆ ನೋಡಿಯೇ ತೆಗೆದುಕೊಳ್ಳಿ, ಕೆಲವು 9 ವೋಲ್ಟಿನವೂ ಇವೆ. ಫೈಬರ್ ಬಾಕ್ಸ್ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. ಇನ್ನೊಂದು, ರೂಟರ್ ಆಫ್ ಆಗಿ ಬಂದಾಗ ನಿಮ್ಮ ಐಪಿ ವಿಳಾಸ ಬದಲಾಗಿರಬಹುದು. ಹಳೇ ವಿಳಾಸ ಇಟ್ಟುಕೊಂಡು ಗೆಳೆಯರು ಎಷ್ಟು ಒತ್ತಿದರೂ ಒಳಗೆ ಬರಲ್ಲ, ಹೊಸದು ಕಳಿಸಿ.

ತೋಟದಮನೆ:
ನಿನ್ನೆ ಸಂಜೆ ಕರೆಂಟ್ ಹೋಯ್ತು. ಪಿಒಎನ್ ಮಿನುಗಿತು, ಎಲ್‌ಒಎಸ್ ಕೆಂಪಾಗಲಿಲ್ಲ. ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಲೇ ಇದೆ, ಯುಪಿಎಸ್ ಆರ್ಡರ್ ಮಾಡಿದ್ದೇನೆ. ಸವಾರರನ್ನು ಆಫ್ ಮಾಡೋಣ ಅಂದರೆ ವೆಲಿಂಗ್ಟನ್ ಸುತರಾಂ ಒಪ್ಪುತ್ತಿಲ್ಲ. ಹಾಗೇ ಆಡುತ್ತೇವೆ.