ಪದಚರ್ಚೆ: ‘ಚಾಲೆಂಜ್ ಸ್ಟಡಿ’ಗೆ ‘ಸವಾಲು’ ಒಗ್ಗುತ್ತದೆಯೇ?

ಪ್ರಶ್ನೆ: ಲಸಿಕೆಯ ಪರೀಕ್ಷೆಗಾಗಿ ಆರೋಗ್ಯವಂತರಿಗೆ ಬೇಕೆಂದೇ ಮಲೇರಿಯಾ ತಗುಲಿಸುವ ‘ಕಂಟ್ರೋಲ್ಡ್ ಹ್ಯೂಮನ್ ಮಲೇರಿಯಾ ಇನ್ಫೆಕ್ಷನ್’ ಅಧ್ಯಯನದ ಒಪ್ಪಿಗೆಪತ್ರವನ್ನು ಕನ್ನಡಿಸುತ್ತಿದ್ದೇನೆ. ‘ನಿಯಂತ್ರಿತ ಸೋಂಕು’, ಅದರ ಇನ್ನೊಂದು ಹೆಸರಾದ ‘ಚಾಲೆಂಜ್ ಸ್ಟಡಿ’ಗೆ ‘ಸವಾಲು ಅಧ್ಯಯನ’ ಎಂದರೆ ಸರಿಯೇ?

ಉತ್ತರ: ‘ಸವಾಲು’ ಆಗಲೇ ದುಡಿದು ದಣಿದ ಪದ. ಹರಾಜಿನ ಕೂಗು ಸವಾಲು, ಕೋರ್ಟಿನಲ್ಲಿ ಪಾಟೀಸವಾಲು. ‘ಸವಾಲೊಡ್ಡು’ ಎನ್ನುವಲ್ಲಿ ನಮಗೆ ಬೇಕಾದದ್ದು ಎರಡನೆಯ ತುಂಡು. ಬಿಸಿಲಿಗೆ ಮೈಯೊಡ್ಡುತ್ತೇವೆ, ಗುಂಡಿಗೆ ಎದೆಯೊಡ್ಡುತ್ತೇವೆ. ಹಾಗೆಯೇ ‘ಸೋಂಕಿಗೆ ಒಡ್ಡುವ ಅಧ್ಯಯನ’, ‘ಒಡ್ಡಿದ ದಿನ’, ‘ಒಡ್ಡಿಕೊಂಡವರು’. ‘ಕೈಯೊಡ್ಡು’ ಮಾತ್ರ ಬೇಡ, ಭಿಕ್ಷೆಯಾಗುತ್ತದೆ. ಸೊಳ್ಳೆಗೆ ಒಡ್ಡುವುದು ಮುಂಗೈಯನ್ನೇ ಆದರೂ!

‘ನಿಯಂತ್ರಿತ’ ಇನ್ನೂ ಅಪಾಯಕಾರಿ. ‘ಮಲೇರಿಯಾ ನಿಯಂತ್ರಣ’ ಎಂಬ ಗೋಡೆಬರಹ ಓದಿ ಬೆಳೆದವರಿಗೆ ‘ನಿಯಂತ್ರಿತ ಸೋಂಕು’ ಎಂದರೆ ಅಡಗಿಸಿದ ಸೋಂಕು. ಇಲ್ಲಿ ಸಂಶೋಧಕರ ಕೈಯಲ್ಲಿರುವುದು ಕೆಲವೇ ಸಂಗತಿ: ಔಷಧಕ್ಕೆ ಮಣಿಯುವ 3ಡಿ7ನಂಥ ಪರಾವಲಂಬಿ ತಳಿ, ಸಾಮಾನ್ಯವಾಗಿ 5 ಸೋಂಕಿತ ಸೊಳ್ಳೆಗಳ ಕಡಿತ, ಮದ್ದು ಕೊಡುವ ಗಳಿಗೆ. ಒಳಹೊಕ್ಕ ಪರಾವಲಂಬಿ ಯಾರ ಹಿಡಿತದಲ್ಲೂ ಇಲ್ಲ. ಆರೇಳು ದಿನ ಯಕೃತ್ತಿನಲ್ಲಿ ಅಡಗಿರುತ್ತದೆ. ಆಗ ಜ್ವರವಿಲ್ಲ, ರಕ್ತಪರೀಕ್ಷೆಯಲ್ಲೂ ಸಿಗದು. ರಕ್ತಕ್ಕಿಳಿದ ಮೇಲೆ ಸುಮಾರು 48 ಗಂಟೆಗೊಮ್ಮೆ ಹಲವು ಪಟ್ಟು ಹೆಚ್ಚುತ್ತದೆ. ದಿನವೂ ರಕ್ತ ತೆಗೆದು ಪಿಸಿಆರ್ ಮಾಡುವುದು ಅದಕ್ಕೇ. ಸೂಕ್ಷ್ಮದರ್ಶಕಕ್ಕೆ ಕಾಣುವ ಕೆಲವು ದಿನ ಮೊದಲೇ ಅದು ಸುಳಿವು ಕೊಡುತ್ತದೆ. ಹೇಗೂ ‘ನಿಯಂತ್ರಿತ’ವಲ್ಲವೇ ಎಂದು ಒಬ್ಬರು ಎರಡು ದಿನ ಫೋನ್ ಆರಿಸಿ ಊರಿಗೆ ಹೋದರೆ, ಒಂದು ಪೂರ್ತಿ ಸುತ್ತು ಕೈತಪ್ಪುತ್ತದೆ.

‘ಅಳೆದು ಕೊಟ್ಟ ಸೋಂಕು’? ರಕ್ತನಾಳಕ್ಕೆ 3,200 ಸ್ಪೋರೋಜೊಯಿಟ್ (ಸೊಳ್ಳೆ ದಾಟಿಸುವ ಪರಾವಲಂಬಿ ರೂಪ) ಚುಚ್ಚುವ ವಿಧಾನಕ್ಕೆ ಒಪ್ಪೀತು. ಸೊಳ್ಳೆ ಎಷ್ಟು ಬಿಟ್ಟಿತೆಂದು ಎಣಿಸಿದವರಿಲ್ಲ. ‘ಉದ್ದೇಶಪೂರ್ವಕ ಸೋಂಕು’ ಉದ್ದವಾದರೂ ಸುಳ್ಳು ಹೇಳುವುದಿಲ್ಲ.

ಪತ್ರದಲ್ಲಿ ‘ಮದ್ದು ಕೊಟ್ಟೊಡನೆ ಗುಣ’ ಎಂದೂ ಬರೆಯಬೇಡಿ. ಆರ್ಟಿಮೆಥರ್-ಲ್ಯುಮೆಫಾಂಟ್ರಿನ್ ಎಂಬ ಜೋಡಿ ಮಲೇರಿಯಾ ಮದ್ದು 3 ದಿನಕ್ಕೆ 6 ಸಲ, ಜಿಡ್ಡಿನಂಶದ ಊಟದ ಜೊತೆ. ಬರಿಹೊಟ್ಟೆಯಲ್ಲಿ ನುಂಗಿದರೆ ಲ್ಯುಮೆಫಾಂಟ್ರಿನ್ ಸರಿಯಾಗಿ ರಕ್ತಕ್ಕೆ ಸೇರದು. ಶುರುಮಾಡಿದ ಮೇಲೂ ಒಂದೆರಡು ದಿನ ಜ್ವರ, ತಲೆನೋವು ಏರಬಹುದು.

‘ರ‍್ಯಾಡಿಕಲ್ ಕ್ಯೂರ್’ಗೆ ‘ತೀವ್ರ ಚಿಕಿತ್ಸೆ’ ಎನ್ನುವುದುಂಟು. ಅದು ತೀವ್ರತೆಯ ಮಾತಲ್ಲ, ಬೇರಿನ ಮಾತು: ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಪರಾವಲಂಬಿ ಯಕೃತ್ತಿನಲ್ಲಿ ನಿದ್ರಿಸಿ ತಿಂಗಳುಗಳ ಮೇಲೆ ಏಳುತ್ತದೆ, ಅದನ್ನು ಕೀಳಲು ಪ್ರಿಮಾಕ್ವಿನ್ ಮದ್ದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿದ್ದವರಿಗೆ ಅದರಿಂದ ಕೆಂಪು ರಕ್ತಕಣ ಒಡೆಯುವುದರಿಂದ ಪರೀಕ್ಷೆ ಮೊದಲೇ ಆಗಬೇಕು. ‘ಬೇರುಸಹಿತ ಚಿಕಿತ್ಸೆ’ ಎನ್ನಿ. ನಿಮ್ಮದು ಫಾಲ್ಸಿಪೇರಮ್ ಎಂಬ ಇನ್ನೊಂದು ಬಗೆಯ ಪರಾವಲಂಬಿಯ ಅಧ್ಯಯನವಾದರೆ ಈ ಪದವೇ ಬೇಡ. ಅದಕ್ಕೆ ನಿದ್ರಿಸುವ ರೂಪವಿಲ್ಲ.